ದುಡ್ಡು ಕೊಟ್ಟರೆ ಗೂಗಲ್‌ನಲ್ಲಿ ಮೇಲೆ ಬರಬಹುದಾ? ಮಲೆನಾಡಿನ ಹೋಮ್‌ಸ್ಟೇಗಳ ಲೆಕ್ಕ

2025ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಹುಡುಕಾಟದ ಪುಟದಲ್ಲಿ ಒಂದು ಬದಲಾವಣೆ ಮಾಡಿತು. ಅಲ್ಲಿಯವರೆಗೆ ಪ್ರತಿ ಜಾಹೀರಾತಿನ ಮೇಲೂ ‘ಪ್ರಾಯೋಜಿತ’ ಎಂಬ ಸಣ್ಣ ಅಕ್ಷರದ ಗುರುತು ಇರುತ್ತಿತ್ತು. ಈಗ ಪಠ್ಯ ಜಾಹೀರಾತುಗಳನ್ನೆಲ್ಲ ಒಂದು ಗುಂಪು ಮಾಡಿ, ಗುಂಪಿಗೆ ಒಂದೇ ತಲೆಬರಹ ಹಾಕಿದೆ. ಗುಂಪಿನ ಕೊನೆಯಲ್ಲಿ ಅವನ್ನು ಮರೆಮಾಡುವ ಬಟನ್ ಕೊಟ್ಟಿದೆ. ಈ ಸುದ್ದಿ ಓದಿದ ಸಣ್ಣ ವ್ಯಾಪಾರಿಗಳಿಗೆ ಒಂದಕ್ಕೊಂದು ತಾಳೆಯಾಗದ ಎರಡು ಅನುಮಾನ ಹುಟ್ಟಿವೆ. ಜನ ಮರೆಮಾಡಿಬಿಟ್ಟರೆ ಜಾಹೀರಾತಿಗೆ ಹಾಕಿದ ದುಡ್ಡು ದಂಡವಾ? ಇಲ್ಲಾ, ಜಾಹೀರಾತು ಕೊಡದಿದ್ದರೆ ನಮ್ಮ ಹೆಸರು ಯಾರ ಕಣ್ಣಿಗೂ ಬೀಳುವುದೇ ಇಲ್ಲವಾ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೋಮ್‌ಸ್ಟೇ ನಡೆಸುವವರಿಗೆ ಇದು ಎಲ್ಲೋ ನಡೆದ ಸುದ್ದಿಯಲ್ಲ. ಶಿವಮೊಗ್ಗದ ವಿಮಾನ ನಿಲ್ದಾಣ 2023ರಲ್ಲಿ ಶುರುವಾಯಿತು. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗಿ, ಸಿಗಂದೂರಿಗೆ ಹೋಗುವವರು ಲಾಂಚ್‌ಗೆ ಕಾಯುವುದು ತಪ್ಪಿತು. ಬರುವ ದಾರಿ ಸುಲಭವಾಗಿದೆ. ಆದರೆ ಬರುವವರು ಮೊದಲು ಹಾದುಹೋಗುವುದು ಮೊಬೈಲ್ ಪರದೆಯನ್ನು. ಬೆಂಗಳೂರಿನಲ್ಲಿ ಕೂತವರು ‘ಆಗುಂಬೆ ಹೋಮ್‌ಸ್ಟೇ’ ಎಂದು ಟೈಪ್ ಮಾಡಿದಾಗ ಆ ಪರದೆಯಲ್ಲಿ ಯಾರಿಗೆ ಜಾಗ ಎನ್ನುವುದೇ ಇಲ್ಲಿನ ಪ್ರಶ್ನೆ.

ಚಿಕ್ಕದಾಗಿ ಹೇಳಿದರೆ, ದುಡ್ಡು ಕೊಟ್ಟು ಉಚಿತ ಫಲಿತಾಂಶದಲ್ಲಿ ಮೇಲೆ ಹೋಗಲು ಆಗುವುದಿಲ್ಲ. ಆದರೆ ದುಡ್ಡು ಕೊಟ್ಟವರೆಲ್ಲ ಸೇರಿದರೆ ಉಚಿತ ಫಲಿತಾಂಶವೇ ಕೆಳಗೆ ಹೋಗುತ್ತದೆ. ಗೊಂದಲವೆಲ್ಲ ಇರುವುದು ಈ ಎರಡರ ನಡುವೆ.

ಒಂದೇ ಪುಟ, ನಾಲ್ಕು ಜಾಗ

ಮೇಲ್ಗಡೆ ಜಾಹೀರಾತು. ಇಲ್ಲಿ ಯಾರಾದರೂ ಕ್ಲಿಕ್ ಮಾಡಿದರೆ ಜಾಹೀರಾತುದಾರ ಗೂಗಲ್‌ಗೆ ದುಡ್ಡು ಕೊಡಬೇಕು. ಕ್ಲಿಕ್ ಇಲ್ಲದಿದ್ದರೆ ಸಾಮಾನ್ಯವಾಗಿ ಖರ್ಚಿಲ್ಲ. ಹಾಗಾಗಿ ಮರೆಮಾಡುವ ಬಟನ್‌ನಿಂದ ದುಡ್ಡು ಪೋಲಾಗುತ್ತದೆ ಎಂಬ ಭಯ ಬೇಡ. ಜಾಹೀರಾತು ಬೇಡವೆಂದು ಮರೆಮಾಡುವವರು ಮೊದಲೂ ಅದನ್ನು ಒತ್ತುತ್ತಿದ್ದವರಲ್ಲ. ಅಷ್ಟಕ್ಕೂ ಆ ಬಟನ್ ಇರುವುದು ಗುಂಪಿನ ಕೊನೆಯಲ್ಲಿ. ಜಾಹೀರಾತನ್ನೆಲ್ಲ ನೋಡಿ ಮುಗಿಸಿದ ಮೇಲೆ ಮರೆಮಾಡುವ ಅವಕಾಶ! ಗೂಗಲ್‌ಗೆ ನಷ್ಟವಾಗದ ಉದಾರತೆ ಇದು.

ಎರಡನೆಯದು ಎಐ ಬರೆದ ಸಾರಾಂಶ. ಎಲ್ಲ ಪ್ರಶ್ನೆಗೂ ಬರುವುದಿಲ್ಲ, ಬಂದಾಗ ಮಾತ್ರ ಪರದೆಯ ದೊಡ್ಡ ಭಾಗವನ್ನು ಹಿಡಿದುಕೊಳ್ಳುತ್ತದೆ. ಮೂರನೆಯದು ಮ್ಯಾಪ್ ಮತ್ತು ಅದರ ಜೊತೆ ಕಾಣುವ ಕೆಲವೇ ಹೆಸರು. ನಾಲ್ಕನೆಯದು ನಮಗೆಲ್ಲ ಹಳೆಯ ಪರಿಚಯದ ನೀಲಿ ಲಿಂಕ್‌ಗಳ ಪಟ್ಟಿ. ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಪುಟ ಮೇಲೆ ಬರುವಂತೆ ಮಾಡುವ ಕೆಲಸದವರು ‘ಆರ್ಗ್ಯಾನಿಕ್’ ಎನ್ನುವುದು ಮುಖ್ಯವಾಗಿ ಈ ಪಟ್ಟಿಗೆ.

ಇಲ್ಲಿ ಸ್ಥಾನ ಸಿಗುವುದು ಪುಟದ ವಿಷಯ ಪ್ರಶ್ನೆಗೆ ಹೊಂದುತ್ತದಾ, ಬೇರೆ ಸೈಟ್‌ಗಳು ಅದಕ್ಕೆ ಲಿಂಕ್ ಕೊಟ್ಟಿವೆಯಾ ಎಂಬಂಥ ಅನೇಕ ಸೂಚನೆಗಳ ಮೇಲೆ. ಜಾಹೀರಾತು ಕೊಡುವವರಿಗೆ ಈ ಪಟ್ಟಿಯಲ್ಲಿ ರಿಯಾಯಿತಿ ಇಲ್ಲ ಎಂದು ಗೂಗಲ್ ಮೊದಲಿನಿಂದ ಹೇಳುತ್ತಾ ಬಂದಿದೆ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾಗದು ಎಂದೂ ಹೇಳಿದೆ. ‘ತಿಂಗಳಿಗೆ ಇಷ್ಟು ಕೊಡಿ, ನಂಬರ್ ಒನ್ ಮಾಡಿಸ್ತೀವಿ’ ಎಂದು ಫೋನ್ ಮಾಡುವವರ ಮಾತನ್ನು ಈ ಹಿನ್ನೆಲೆಯಲ್ಲಿ ಕೇಳಿಸಿಕೊಂಡರೆ ಸಾಕು.

ಹರಾಜಿನ ಒಳಗೆ

ಕ್ಲಿಕ್‌ಗೆ ಬೆಲೆ ಕಟ್ಟುವ ಹರಾಜು ಗೂಗಲ್ ಕಂಡುಹಿಡಿದದ್ದಲ್ಲ. 1998ರಲ್ಲಿ ಗೋಟು ಡಾಟ್ ಕಾಮ್ ಎಂಬ ಕಂಪನಿ ಅದನ್ನು ಶುರು ಮಾಡಿತ್ತು. ತಮಾಷೆಯೆಂದರೆ, ಅದೇ ವರ್ಷ ಗೂಗಲ್ ಸ್ಥಾಪಕರಾದ ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್ ತಮ್ಮ ಸಂಶೋಧನಾ ಪ್ರಬಂಧದಲ್ಲಿ, ಜಾಹೀರಾತಿನ ದುಡ್ಡಲ್ಲಿ ನಡೆಯುವ ಸರ್ಚ್ ಎಂಜಿನ್ ಜಾಹೀರಾತುದಾರರ ಕಡೆಗೇ ವಾಲುತ್ತದೆ ಎಂದು ಬರೆದಿದ್ದರು. 2000ದ ಅಕ್ಟೋಬರ್‌ನಲ್ಲಿ 350 ಜಾಹೀರಾತುದಾರರೊಂದಿಗೆ ಗೂಗಲ್‌ನ ಆ್ಯಡ್‌ವರ್ಡ್ಸ್ ಎಂಬ ಜಾಹೀರಾತು ಸೇವೆ ಶುರುವಾಯಿತು. 2024ರಲ್ಲಿ ಸರ್ಚ್ ಮತ್ತು ಅದರ ಜೊತೆಗಿನ ವ್ಯವಹಾರದಿಂದ ಬಂದ ಆದಾಯ ಸುಮಾರು 198 ಬಿಲಿಯನ್ ಡಾಲರ್.

ಈ ಹರಾಜು ಅಡಿಕೆ ಮಂಡಿಯ ಟೆಂಡರ್‌ನಂತಲ್ಲ. ಮಂಡಿಯಲ್ಲಿ ರಾಶಿಯೋ ಬೆಟ್ಟೆಯೋ, ಆ ಲಾಟ್‌ಗೆ ಜಾಸ್ತಿ ರೇಟು ಬರೆದವರಿಗೆ ಮಾಲು, ಬರೆದ ರೇಟನ್ನೇ ಕೊಡಬೇಕು. ಗೂಗಲ್‌ನಲ್ಲಿ ಎರಡೂ ಬೇರೆ. ಬಿಡ್, ಅಂದರೆ ಒಂದು ಕ್ಲಿಕ್‌ಗೆ ಕೊಡಲು ಸಿದ್ಧವಿರುವ ಮೊತ್ತದ ಜೊತೆಗೆ, ಜಾಹೀರಾತು ಆ ಪ್ರಶ್ನೆಗೆ ಎಷ್ಟು ಹೊಂದುತ್ತದೆ, ಜನ ಅದನ್ನು ಒತ್ತುವ ಸಾಧ್ಯತೆ ಎಷ್ಟು, ಒತ್ತಿದ ಮೇಲೆ ತೆರೆಯುವ ಪುಟ ಹೇಗಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ 12 ರೂಪಾಯಿ ಬಿಡ್ ಮಾಡಿದವರು 20 ರೂಪಾಯಿಯವರಿಗಿಂತ ಮೇಲೆ ಬರಬಹುದು. ಕೊಡಬೇಕಾದದ್ದೂ ಬಿಡ್ ಮಾಡಿದಷ್ಟೇ ಅಲ್ಲ. ಆ ಜಾಗ ಉಳಿಸಿಕೊಳ್ಳಲು ಎಷ್ಟು ಬೇಕೋ ಅಷ್ಟು.

ಕೇಳಲು ನ್ಯಾಯವಾಗಿಯೇ ಇದೆ. ತೊಂದರೆ ಇರುವುದು ತಕ್ಕಡಿ ಗೂಗಲ್‌ನ ಕೈಯಲ್ಲೇ ಇರುವುದರಲ್ಲಿ. ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ, ಸರ್ಚ್‌ನಲ್ಲಿ ಮಾತ್ರವಲ್ಲ, ಸರ್ಚ್‌ನ ಪಠ್ಯ ಜಾಹೀರಾತಿನಲ್ಲೂ ಗೂಗಲ್ ಏಕಸ್ವಾಮ್ಯ ಹೊಂದಿದೆ ಎಂದರು. ಸ್ಪರ್ಧಿಗಳ ಭಯವಿಲ್ಲದೆ ಜಾಹೀರಾತಿನ ಬೆಲೆ ಏರಿಸುವ ಶಕ್ತಿ ಅದಕ್ಕಿದೆ ಎಂದೂ ಹೇಳಿದರು. ಹರಾಜಿನ ಒಳಗಿನ ಲೆಕ್ಕ ಬದಲಿಸಿ ಬೆಲೆಯನ್ನು ಶೇ. 5ರಷ್ಟು ಏರಿಸಿದ್ದುಂಟು ಎಂದು ಕಂಪನಿಯ ಅಧಿಕಾರಿಯೇ ವಿಚಾರಣೆಯಲ್ಲಿ ಒಪ್ಪಿಕೊಂಡಿದ್ದರು.

ಬೆಲೆಯಂತೆ ಜಾಗವೂ ಬದಲಾಗಿದೆ. 2016ರ ಫೆಬ್ರವರಿಯಲ್ಲಿ ಕಂಪ್ಯೂಟರ್ ಪರದೆಯ ಬಲಬದಿಯ ಜಾಹೀರಾತುಗಳನ್ನು ತೆಗೆದು, ಮೇಲ್ಭಾಗದಲ್ಲಿ ನಾಲ್ಕರವರೆಗೆ ತೋರಿಸಲು ಶುರು ಮಾಡಿದರು. ಜಾಹೀರಾತಿನ ಹಿಂದೆ ಮೊದಲು ಇದ್ದ ಬಣ್ಣದ ಹಿನ್ನೆಲೆ ಹೋಯಿತು, ಹಳದಿ ಗುರುತು ಬಂತು, ಅದು ಹಸಿರಾಯಿತು, ಆಮೇಲೆ ಕಪ್ಪಾಯಿತು. ಪ್ರತಿ ಸಲವೂ ಜಾಹೀರಾತು ಉಚಿತ ಫಲಿತಾಂಶದ ಹಾಗೆಯೇ ಕಾಣುತ್ತಾ ಹೋಯಿತು. ಸಣ್ಣ ಮೊಬೈಲ್‌ನಲ್ಲಿ ನಾಲ್ಕು ಜಾಹೀರಾತು ಬಂದರೆ ಮೊದಲ ಪರದೆ ಅಲ್ಲಿಗೇ ಮುಗಿಯಿತು. ಉಚಿತ ಪಟ್ಟಿಯಲ್ಲಿ ಮೊದಲಿದ್ದರೂ ಬೆರಳಿನಿಂದ ಎಷ್ಟೋ ಸಲ ಮೇಲೆ ತಳ್ಳಿದ ಮೇಲಷ್ಟೇ ಕಾಣುವುದು. ಕೊನೆಯ ಬದಲಾವಣೆಯಲ್ಲಿ ಮಾತ್ರ ತಲೆಬರಹ ದೊಡ್ಡದಾಗಿದೆ. ಅದನ್ನು ಒಪ್ಪಿಕೊಳ್ಳಬೇಕು.

ನಿಮ್ಮ ಹೆಸರಿನ ಮೇಲೆ ಬೇರೆಯವರ ಬಿಡ್

ಮಲೆನಾಡಿನ ಹೋಮ್‌ಸ್ಟೇಗಳಿಗೆ ನಿಜವಾಗಿ ಹೊಡೆತ ಬೀಳುವ ಜಾಗ ಇದು. ಆದರೆ ಇದರ ಬಗ್ಗೆ ಮಾತು ಕಡಿಮೆ.

ಒಬ್ಬರು ಕವಲೇದುರ್ಗಕ್ಕೆ ಬಂದು ಹತ್ತಿರದ ಹೋಮ್‌ಸ್ಟೇಯಲ್ಲಿ ಉಳಿದು ಹೋದರು ಎಂದಿಟ್ಟುಕೊಳ್ಳಿ. ಊಟ ಚೆನ್ನಾಗಿತ್ತು. ಊರಿಗೆ ಹೋಗಿ ಗೆಳೆಯರಿಗೆ ಹೆಸರು ಹೇಳಿದರು. ಗೆಳೆಯರು ಆ ಹೆಸರನ್ನೇ ಗೂಗಲ್‌ನಲ್ಲಿ ಹುಡುಕಿದರು. ಮೇಲೆ ಬಂದದ್ದು ದೊಡ್ಡ ಬುಕಿಂಗ್ ಕಂಪನಿಯ ಜಾಹೀರಾತು. ಒತ್ತಿದರು, ಅಲ್ಲೇ ದುಡ್ಡು ಕಟ್ಟಿದರು. ಗಿರಾಕಿ ಬಂದದ್ದು ಮನೆಯವರ ಕೈರುಚಿಯಿಂದ. ಕಮಿಷನ್ ಹೋದದ್ದು ಬುಕಿಂಗ್ ಕಂಪನಿಗೆ. ಆ ಹೋಮ್‌ಸ್ಟೇ ಅಲ್ಲಿ ಲಿಸ್ಟ್ ಆಗಿರದಿದ್ದರೆ ಇನ್ನೂ ವಿಚಿತ್ರ. ಪಕ್ಕದ ಊರಿನ ಬೇರೆ ರೂಮುಗಳು ಕಣ್ಣಿಗೆ ಬೀಳುತ್ತವೆ, ಗಿರಾಕಿಯೇ ಕೈತಪ್ಪಬಹುದು.

ಇದು ಕಾನೂನಿಗೆ ವಿರುದ್ಧ ಅಲ್ವಾ ಎಂದು ಕೇಳಿದರೆ ಉತ್ತರ ಅಷ್ಟು ಸರಳವಾಗಿಲ್ಲ. ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ 2023ರ ಆಗಸ್ಟ್‌ನಲ್ಲಿ ಸಾಗಣೆ ಕಂಪನಿಯೊಂದರ ಪ್ರಕರಣದಲ್ಲಿ ಎರಡು ಮಾತು ಹೇಳಿತು. ಬೇರೆಯವರ ಟ್ರೇಡ್‌ಮಾರ್ಕ್ ಅನ್ನು ಕೀವರ್ಡ್ (ಯಾವ ಹುಡುಕಾಟಕ್ಕೆ ಜಾಹೀರಾತು ಬರಬೇಕೆಂದು ಆರಿಸುವ ಪದ) ಆಗಿ ಬಳಸುವುದೇ ಅಪರಾಧವಲ್ಲ, ಗ್ರಾಹಕರಿಗೆ ಗೊಂದಲವಾದರೆ ಮಾತ್ರ ಉಲ್ಲಂಘನೆ. ಆದರೆ ಜಾಹೀರಾತಿನ ಈ ವ್ಯವಹಾರದಲ್ಲಿ ಗೂಗಲ್ ಸುಮ್ನೆ ನೋಡುತ್ತ ನಿಂತವರಲ್ಲ, ಪಾಲುದಾರ. ಉಲ್ಲಂಘನೆಯಾಗಿದ್ದರೆ ‘ನಾವು ಬರೀ ವೇದಿಕೆ’ ಎಂದು ಜಾರಿಕೊಳ್ಳಲು ಆಗದು. ಅದೇ ವರ್ಷ ಡಿಸೆಂಬರ್‌ನಲ್ಲಿ ಮೇಕ್‌ಮೈಟ್ರಿಪ್ ತನ್ನ ಹೆಸರಿನ ಮೇಲೆ ಬುಕಿಂಗ್ ಡಾಟ್ ಕಾಮ್ ಬಿಡ್ ಮಾಡುತ್ತಿದೆ ಎಂದು ದೂರಿದ ಪ್ರಕರಣದಲ್ಲೂ ಹೈಕೋರ್ಟ್ ಅದನ್ನು ತಡೆಯಲು ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬರಲಿಲ್ಲ. ಅಂದರೆ ಇಷ್ಟು ದೊಡ್ಡ ಕಂಪನಿಯೇ ತನ್ನ ಹೆಸರನ್ನು ಹರಾಜಿನಿಂದ ಹೊರಗಿಡಲು ಆಗಲಿಲ್ಲ. ‘ತೋಟದ ಮನೆ’, ‘ಮಲ್ನಾಡ್ ಸ್ಟೇ’ ಥರದ ಸಾಮಾನ್ಯ ಹೆಸರು ಇಟ್ಟುಕೊಂಡು, ಟ್ರೇಡ್‌ಮಾರ್ಕ್ ನೋಂದಣಿಯನ್ನೂ ಮಾಡಿಸದ ಹೋಮ್‌ಸ್ಟೇಗೆ ಗೂಗಲ್ ಬಳಿ ದೂರು ಕೊಡಲು ಹಿಡಿತವೇ ಇಲ್ಲ.

ಇನ್ನೊಂದು ಗಂಟು ಇದೆ. ಬುಕಿಂಗ್ ಕಂಪನಿಯಲ್ಲಿರುವುದಕ್ಕಿಂತ ಕಡಿಮೆ ದರವನ್ನು ನಿಮ್ಮ ಸ್ವಂತ ಸೈಟಿನಲ್ಲಿ ಕೊಡಬಾರದು ಎಂಬ ಷರತ್ತು ಒಪ್ಪಂದಗಳಲ್ಲಿ ಇರುತ್ತಿತ್ತು. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್–ಗೋಐಬಿಬೊಗೆ 223.48 ಕೋಟಿ ರೂ. ದಂಡ ಹಾಕಿ, ಇಂಥ ಷರತ್ತು ತೆಗೆಯಲು ಆದೇಶಿಸಿತು. ಈ ಷರತ್ತು ಇದ್ದರೆ ಆಗುವುದು ಇಷ್ಟು: ಗಿರಾಕಿಗೆ ನೇರವಾಗಿ ಬರಲು ಕಾರಣವೇ ಇರುವುದಿಲ್ಲ. ಆಗ ಮೇಲೆ ಕಂಡ ಜಾಹೀರಾತೇ ಗೆಲ್ಲುತ್ತದೆ. ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಓದಬೇಕಾದ ಎರಡು ಸಾಲು ಯಾವುವೆಂದರೆ, ದರದ ಷರತ್ತು ಮತ್ತು ನಿಮ್ಮ ಹೆಸರನ್ನು ಜಾಹೀರಾತಿಗೆ ಬಳಸುವ ಅನುಮತಿ. ಕಮಿಷನ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಇವೆರಡನ್ನು ಕೇಳುವವರು ಕಡಿಮೆ.

ಹಾಗಾದರೆ ನಮ್ಮ ಹೆಸರಿಗೆ ನಾವೇ ದುಡ್ಡು ಕೊಡಬೇಕಾ?

ಇಲ್ಲಿ ಎರಡು ವಾದಗಳಿವೆ. ಗೂಗಲ್‌ನ ಸಂಶೋಧಕರು 2011ರಲ್ಲಿ ಹೇಳಿದ್ದು: ಜಾಹೀರಾತು ನಿಲ್ಲಿಸಿದರೆ ಅದರಿಂದ ಬರುತ್ತಿದ್ದ ಕ್ಲಿಕ್‌ಗಳಲ್ಲಿ ಶೇ. 89ರಷ್ಟು ಉಚಿತ ಫಲಿತಾಂಶದ ಮೂಲಕ ವಾಪಸ್ ಬರುವುದಿಲ್ಲ. ಜಾಹೀರಾತು ಮಾರುವವರೇ ಮಾಡಿದ ಅಧ್ಯಯನ ಎನ್ನುವುದನ್ನು ನೆನಪಿಟ್ಟುಕೊಳ್ಳಿ. ಇದಕ್ಕೆ ಉಲ್ಟಾ ಉತ್ತರ ಕೊಟ್ಟದ್ದು ಆನ್‌ಲೈನ್ ಮಾರಾಟದ ಇಬೇ ಕಂಪನಿಯಲ್ಲಿ ನಡೆದ ಪ್ರಯೋಗ. ‘ಇಬೇ’ ಎಂಬ ಹೆಸರಿನ ಹುಡುಕಾಟಕ್ಕೆ ಜಾಹೀರಾತು ನಿಲ್ಲಿಸಿ ನೋಡಿದರು. ಹೆಚ್ಚುಕಡಿಮೆ ಎಲ್ಲ ಜನರೂ ಕೆಳಗಿದ್ದ ಉಚಿತ ಲಿಂಕ್ ಒತ್ತಿಯೇ ಬಂದರು. ಅಂದರೆ ಅಲ್ಲಿಯವರೆಗೆ ಕೊಟ್ಟ ದುಡ್ಡು ಹೇಗೂ ಬರುವವರಿಗೆ ಕೊಟ್ಟದ್ದು.

ಎರಡನ್ನೂ ಹಾಗೇ ತಂದು ಮಲೆನಾಡಿಗೆ ಹಚ್ಚಲು ಬರುವುದಿಲ್ಲ. ಇಬೇ ಎಲ್ಲರಿಗೂ ಗೊತ್ತಿರುವ ಹೆಸರು. ಅದೇ ಅಧ್ಯಯನದ ಇನ್ನೊಂದು ಪ್ರಯೋಗದಲ್ಲಿ, ಕಂಪನಿಯ ಪರಿಚಯ ಇಲ್ಲದ ಹೊಸ ಗ್ರಾಹಕರ ಮೇಲೆ ಜಾಹೀರಾತು ಪರಿಣಾಮ ಬೀರಿದ್ದೂ ಕಂಡುಬಂದಿತ್ತು. ಎರಡು ರೂಮಿನ ಹೋಮ್‌ಸ್ಟೇ ಬಹುತೇಕ ಎಲ್ಲರಿಗೂ ಹೊಸದೇ.

ಒಂದು ಊಹೆಯ ಲೆಕ್ಕ ಹಾಕೋಣ. ರೂಮು ರಾತ್ರಿಗೆ 3,000 ರೂ., ಬುಕಿಂಗ್ ಕಂಪನಿಯ ಕಮಿಷನ್ ತೆರಿಗೆ ಸೇರಿ ಶೇ. 20 ಎಂದರೆ 600 ರೂ. ಹೋಯಿತು. ಸ್ವಂತ ಜಾಹೀರಾತಿನಲ್ಲಿ ಕ್ಲಿಕ್‌ಗೆ 12 ರೂ. ಎಂದಿಟ್ಟುಕೊಳ್ಳಿ. ‘ಆಗುಂಬೆ ಹೋಮ್‌ಸ್ಟೇ’ ಎಂದು ಹುಡುಕುವವರಲ್ಲಿ 50 ಕ್ಲಿಕ್‌ಗೆ ಒಂದು ಬುಕಿಂಗ್ ಬಂದರೆ 600 ರೂ., ಮೇಲೆ ಶೇ. 18 ಜಿಎಸ್‌ಟಿ ಸೇರಿ 708 ರೂ. ಕಮಿಷನ್‌ಗಿಂತ ಜಾಸ್ತಿಯಾಯಿತು. ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ಆ 108 ರೂ. ವಾಪಸ್ ಸಿಗುವುದೂ ಇಲ್ಲ. 25 ಕ್ಲಿಕ್‌ಗೆ ಒಂದು ಬುಕಿಂಗ್ ಎಂದರೆ 354 ರೂ., ಆಗ ಲಾಭ. ಇನ್ನು ನಿಮ್ಮ ಹೆಸರನ್ನೇ ಹುಡುಕಿದವರಲ್ಲಿ ಐದು ಕ್ಲಿಕ್‌ಗೆ ಒಂದು ಬುಕಿಂಗ್ ಆದರೆ ಖರ್ಚು ಸುಮಾರು 71 ರೂ. ಬೇರೆಯವರು ನಿಮ್ಮ ಹೆಸರಿನ ಮೇಲೆ ಬಿಡ್ ಮಾಡುತ್ತಿದ್ದರೆ 600ರ ಬದಲು 71 ಕೊಡುವುದು ಲೆಕ್ಕಕ್ಕೆ ಸರಿ. ಯಾರೂ ಮಾಡುತ್ತಿಲ್ಲದಿದ್ದರೆ ಆ 71 ದಂಡ. ತಿಳಿಯುವುದು ಸುಲಭ, ನಿಮ್ಮ ಹೆಸರನ್ನು ಬೇರೆಯವರ ಮೊಬೈಲ್‌ನಲ್ಲಿ ಹುಡುಕಿ ನೋಡಿದರಾಯಿತು.

ದುಡ್ಡು ಸೋರುವ ತೂತು ಮಾತ್ರ ಬೇರೆ ಕಡೆ ಇದೆ. ಗೂಗಲ್ ಈಗ ಎಲ್ಲರನ್ನೂ ‘ಬ್ರಾಡ್ ಮ್ಯಾಚ್’ ಕಡೆಗೆ ತಳ್ಳುತ್ತಿದೆ. ನೀವು ಕೊಟ್ಟ ಪದಕ್ಕೆ ಸಂಬಂಧವಿದೆ ಎಂದು ಗೂಗಲ್‌ಗೆ ಅನ್ನಿಸಿದ ಹುಡುಕಾಟಕ್ಕೂ ಜಾಹೀರಾತು ಹೋಗುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಷೇಧವಾದಾಗ ರಸ್ತೆ ತೆರೆದಿದೆಯಾ ಎಂದು ಹುಡುಕುವವರು ಬಹಳ. ಅವರಿಗೆ ರೂಮು ಬೇಕಿಲ್ಲ. ಆದರೂ ಜಾಹೀರಾತು ಕಂಡು ಒತ್ತಿದರೆ 12 ರೂ. ಹೋಯಿತು. ‘ರಸ್ತೆ’, ‘ಬಸ್ ಟೈಮಿಂಗ್’, ‘ಹವಾಮಾನ’ ಥರದ ಪದಗಳನ್ನು ನೆಗೆಟಿವ್ ಕೀವರ್ಡ್ (ಇವಿದ್ದರೆ ಜಾಹೀರಾತು ತೋರಿಸಬೇಡಿ ಎನ್ನುವ ಪದ) ಎಂದು ಸೇರಿಸಿದರೆ ಈ ಸೋರಿಕೆ ಕಡಿಮೆಯಾಗುತ್ತದೆ. ಊರಿನ ಆಯ್ಕೆಯಲ್ಲೂ ಎಚ್ಚರ ಬೇಕು. ತೀರ್ಥಹಳ್ಳಿಯ ಹೋಮ್‌ಸ್ಟೇ ತೀರ್ಥಹಳ್ಳಿಯವರಿಗೇ ಜಾಹೀರಾತು ತೋರಿಸಿ ಏನು ಪ್ರಯೋಜನ? ಗಿರಾಕಿ ಇರುವುದು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಲ್ಲಿ.

ಉಚಿತವಾಗಿ ಉಳಿದಿರುವ ಜಾಗ

ಮ್ಯಾಪ್‌ನಲ್ಲಿ ಹೆಸರು ಹಾಕಿಸಲು ದುಡ್ಡಿಲ್ಲ. ‘ನಿಮ್ಮ ಲಿಸ್ಟಿಂಗ್ ತೆಗೆದುಹಾಕುತ್ತಾರೆ, ಫೀಸು ಕಟ್ಟಿ’ ಎಂದು ಫೋನ್ ಬಂದರೆ ಅದು ಮೋಸ. ಇಲ್ಲಿ ಸ್ಥಾನ ನಿರ್ಧಾರವಾಗುವುದು ಮೂರು ವಿಷಯದ ಮೇಲೆ ಎಂದು ಗೂಗಲ್ ಹೇಳುತ್ತದೆ: ಹುಡುಕಿದ್ದಕ್ಕೆ ಹೊಂದಿಕೆ, ದೂರ, ಮತ್ತು ಆ ಜಾಗಕ್ಕೆ ಇರುವ ಹೆಸರು. ದೂರದ ವಿಷಯದಲ್ಲಿ ಬೆಂಗಳೂರಿನ ದೊಡ್ಡ ಕಂಪನಿ ಏನೂ ಮಾಡಲಾರದು. ಕೊಡಚಾದ್ರಿಯ ಬುಡದಲ್ಲಿ ಇರುವವರೇ ಅಲ್ಲಿ ಹತ್ತಿರದವರು. ಸಣ್ಣವರಿಗೆ ಸಹಜವಾಗಿ ಅನುಕೂಲ ಇರುವ ಒಂದೇ ಜಾಗ ಇದು ಎನ್ನಬಹುದು.

ಆದರೆ ತೋಟದ ಮನೆಗಳಿಗೆ ಇಲ್ಲೊಂದು ತಾಪತ್ರಯ. ಮುಖ್ಯರಸ್ತೆ ಬಿಟ್ಟು ಮಣ್ಣು ದಾರಿಯಲ್ಲಿ ಒಳಗೆ ಇರುವ ಮನೆಗೆ ಪಿನ್ ಎಲ್ಲೋ ಬಿದ್ದಿರುತ್ತದೆ. ಗಿರಾಕಿ ರಾತ್ರಿ ದಾರಿ ತಪ್ಪುತ್ತಾರೆ, ನೆಟ್‌ವರ್ಕ್ ಇರುವುದಿಲ್ಲ, ಸಿಟ್ಟಿನಲ್ಲಿ ಒಂದು ಸ್ಟಾರ್ ಕೊಡುತ್ತಾರೆ. ಆ ಸ್ಟಾರ್ ಮುಂದಿನ ಹುಡುಕಾಟದಲ್ಲಿ ಸ್ಥಾನ ಇಳಿಸಬಹುದು. ಪಿನ್ ಸರಿ ಮಾಡುವುದಕ್ಕೆ ಜಾಹೀರಾತಿನ ಬಜೆಟ್ ಬೇಕಿಲ್ಲ. ರಿಯಾಯಿತಿ ಕೊಟ್ಟು ರಿವ್ಯೂ ಬರೆಸುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ ಎಂಬುದೂ ಗೊತ್ತಿರಲಿ.

ಕ್ಲಿಕ್ಕೇ ಇಲ್ಲದ ಹುಡುಕಾಟ

ಎಐ ಸಾರಾಂಶಗಳು ಭಾರತಕ್ಕೆ 2024ರ ಆಗಸ್ಟ್‌ನಲ್ಲಿ ಬಂದವು, ಮೊದಲಿಗೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಪ್ಯೂ ಸಂಶೋಧನಾ ಕೇಂದ್ರ ಅಮೆರಿಕದ 900 ಜನರ 2025ರ ಮಾರ್ಚ್ ತಿಂಗಳ ಬಳಕೆಯನ್ನು ಗಮನಿಸಿತ್ತು. ಸಾರಾಂಶ ಕಂಡಾಗ ಸಾಮಾನ್ಯ ಲಿಂಕ್ ಒತ್ತಿದ್ದು ಶೇ. 8ರಷ್ಟು ಸಲ. ಕಾಣದಿದ್ದಾಗ ಶೇ. 15. ಸಾರಾಂಶದೊಳಗಿನ ಲಿಂಕ್ ಒತ್ತಿದ್ದು ಶೇ. 1ರಷ್ಟು ಸಲ ಮಾತ್ರ. ಗೂಗಲ್ ಇಂಥ ಲೆಕ್ಕಗಳನ್ನು ಒಪ್ಪುವುದಿಲ್ಲ. ಒಟ್ಟು ಕ್ಲಿಕ್‌ಗಳು ಹೆಚ್ಚುಕಡಿಮೆ ಹಾಗೇ ಇವೆ, ಬರುವ ಕ್ಲಿಕ್‌ಗಳ ಗುಣಮಟ್ಟ ಹೆಚ್ಚಿದೆ ಎನ್ನುವುದು ಅದರ ವಾದ. ಅದನ್ನು ಹೊರಗಿನವರು ಪರೀಕ್ಷಿಸುವಂಥ ಅಂಕಿಅಂಶವನ್ನು ಮಾತ್ರ ಮುಂದಿಟ್ಟಿಲ್ಲ. ಸುದ್ದಿ ಸಂಸ್ಥೆಗಳು ಅಮೆರಿಕದಲ್ಲೂ ಯುರೋಪಿನಲ್ಲೂ ದೂರು ಹಿಡಿದು ಹೋಗಿವೆ.

ಮಲೆನಾಡಿಗೆ ಇದರ ಪರಿಣಾಮ ಎರಡು ಥರ. ‘ಜೋಗದಲ್ಲಿ ಈಗ ನೀರಿದೆಯಾ’ ಎಂಬಂಥ ಪ್ರಶ್ನೆಗೆ ಉತ್ತರ ಮೇಲೆಯೇ ಸಿಕ್ಕರೆ, ಆ ಮಾಹಿತಿ ಬರೆದ ಸ್ಥಳೀಯ ಪುಟಕ್ಕೆ ಯಾರೂ ಹೋಗುವುದಿಲ್ಲ. ಓದುಗರು ಬರದಿದ್ದರೆ ಆದಾಯ ಇಲ್ಲ, ಆದಾಯ ಇಲ್ಲದಿದ್ದರೆ ಪುಟ ಅಪ್‌ಡೇಟ್ ಆಗುವುದಿಲ್ಲ. ಲಿಂಗನಮಕ್ಕಿಯಿಂದ ನೀರು ಬಿಟ್ಟಿದ್ದಾರಾ ಎಂದು ದಿನದಿನ ಬರೆಯುವವರು ನಿಲ್ಲಿಸಿದರೆ ಎಐ ಎಲ್ಲಿಂದ ತರುತ್ತದೆ? ಸಿಗಂದೂರು ಲಾಂಚ್‌ನ ಸಮಯಪಟ್ಟಿ ಹಾಕಿದ ಸೇತುವೆಗಿಂತ ಹಿಂದಿನ ಪುಟಗಳು ಅಂತರ್ಜಾಲದಲ್ಲಿ ಇನ್ನೂ ಬಿದ್ದಿವೆ. ಹೊಸದನ್ನು ಬರೆಯುವವರು ಕಡಿಮೆಯಾದಷ್ಟೂ ಸಾರಾಂಶ ಹಳೆಯದಕ್ಕೆ ಜೋತುಬೀಳುತ್ತದೆ.

ಎರಡನೆಯದು ಹೋಮ್‌ಸ್ಟೇಗಳಿಗೆ ನೇರವಾಗಿ ತಟ್ಟುವಂಥದ್ದು. ರೂಮು ಬುಕ್ ಮಾಡುವವರು ಸಾರಾಂಶ ಓದಿ ಸುಮ್ಮನಾಗುವುದಿಲ್ಲ, ದರ ನೋಡಬೇಕು, ಫೋಟೊ ನೋಡಬೇಕು. ಹಾಗಾಗಿ ಅವರ ಕ್ಲಿಕ್ ಉಳಿಯುತ್ತದೆ. ಆದರೆ ‘ಮಳೆಗಾಲದಲ್ಲಿ ಮಲೆನಾಡಿನಲ್ಲಿ ಎಲ್ಲಿ ಹೋಗೋದು’ ಎಂದು ತಿರುಗಾಡುತ್ತ ಓದುವಾಗ ಅಕಸ್ಮಾತ್ ನಿಮ್ಮ ಪುಟಕ್ಕೆ ಬರುತ್ತಿದ್ದವರು ಇನ್ನು ಕಡಿಮೆ. ಉಚಿತವಾಗಿ ಪರಿಚಯವಾಗುತ್ತಿದ್ದ ದಾರಿ ಕಿರಿದಾಯಿತು. ಉಳಿದ ದಾರಿಯಲ್ಲಿ ಹರಾಜು. ಬಿಡ್ ಮಾಡುವವರು ಜಾಸ್ತಿಯಾದರೆ ಕ್ಲಿಕ್‌ನ ಬೆಲೆ ಏರುತ್ತದೆ. ಮೇಲಿನ ಲೆಕ್ಕದ 12 ರೂ. 20 ಆದರೆ, 25 ಕ್ಲಿಕ್‌ನ ಬುಕಿಂಗ್ ಕೂಡ 590ಕ್ಕೆ ಬಂದು ಹೆಚ್ಚುಕಡಿಮೆ ಕಮಿಷನ್‌ಗೆ ಸಮವಾಗುತ್ತದೆ.

ಜಾಹೀರಾತೇ ಮೋಸವಾದಾಗ

ಹರಾಜಿಗೆ ವಂಚಕರೂ ಬರುತ್ತಾರೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಕೇಂದ್ರ 2025ರ ಏಪ್ರಿಲ್‌ನಲ್ಲಿ ಯಾತ್ರಿಕರಿಗೂ ಪ್ರವಾಸಿಗರಿಗೂ ಎಚ್ಚರಿಕೆ ಕೊಟ್ಟಿತ್ತು. ನಕಲಿ ಸೈಟ್ ಮಾಡಿ, ಪ್ರಾಯೋಜಿತ ಜಾಹೀರಾತು ಹಾಕಿ, ಗೆಸ್ಟ್‌ಹೌಸ್ ಬುಕಿಂಗ್ ಹೆಸರಲ್ಲಿ ದುಡ್ಡು ಹೊಡೆಯುವ ದಂಧೆ ಅದು. ಮೇಲೆ ಬಂದದ್ದೆಲ್ಲ ಅಸಲಿ ಎಂಬ ನಂಬಿಕೆಯೇ ಅವರ ಬಂಡವಾಳ. ಅಡ್ವಾನ್ಸ್ ಕಳಿಸುವ ಮೊದಲು ಮ್ಯಾಪ್‌ನಲ್ಲಿರುವ ನಂಬರಿಗೂ ಒಮ್ಮೆ ಫೋನ್ ಮಾಡಿ ತಾಳೆ ನೋಡುವುದು ಒಳ್ಳೆಯದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಮುಂದೆ ಏನು ಬದಲಾಗಬಹುದು

ಅಮೆರಿಕದ ನ್ಯಾಯಾಲಯ 2025ರ ಸೆಪ್ಟೆಂಬರ್‌ನಲ್ಲಿ ಮೇಲೆ ಹೇಳಿದ ಏಕಸ್ವಾಮ್ಯದ ಪ್ರಕರಣದಲ್ಲಿ ಪರಿಹಾರದ ಆದೇಶ ಕೊಟ್ಟಿತು. ಗೂಗಲ್ ತನ್ನ ಬ್ರೌಸರ್ ಕ್ರೋಮ್ ಅನ್ನು ಮಾರಬೇಕಿಲ್ಲ. ತನ್ನ ಸರ್ಚ್ ಮಾತ್ರವೇ ಇರಬೇಕೆಂಬ ಒಪ್ಪಂದಗಳನ್ನು ಮಾಡುವಂತಿಲ್ಲ, ಕೆಲವು ಮಾಹಿತಿಯನ್ನು ಸ್ಪರ್ಧಿಗಳ ಜೊತೆ ಹಂಚಿಕೊಳ್ಳಬೇಕು. ಇದರಿಂದ ಬೇರೆ ಸರ್ಚ್ ಎಂಜಿನ್‌ಗಳು ಬೆಳೆದರೆ ಕ್ಲಿಕ್‌ನ ಬೆಲೆ ಇಳಿಯಬಹುದು. ಆದರೆ ಅದು ವರ್ಷಗಳ ಮಾತು. ನಮ್ಮಲ್ಲಿ 2023ರ ನವೆಂಬರ್‌ನ ‘ಡಾರ್ಕ್ ಪ್ಯಾಟರ್ನ್’ (ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿ ವೇಷ ಮರೆಸಿದ ಜಾಹೀರಾತನ್ನು ನಿಷೇಧಿಸುತ್ತದೆ. ‘ಪ್ರಾಯೋಜಿತ’ ಎಂದು ಬರೆದಿರುವವರೆಗೆ ಅದು ಗೂಗಲ್‌ಗೆ ತಟ್ಟುವುದು ಕಷ್ಟ.

ಅದಕ್ಕಿಂತ ಮೊದಲು ಮಲೆನಾಡಿನವರ ಬಾಗಿಲಿಗೆ ಬರುವುದು ಎಐ ಉತ್ತರದ ಒಳಗಿನ ಜಾಹೀರಾತು. ಅಮೆರಿಕದಲ್ಲಿ 2024ರ ಅಕ್ಟೋಬರ್‌ನಲ್ಲೇ ಅದು ಶುರುವಾಗಿದೆ. ಇಂಥ ಜಾಗಕ್ಕೆ ಬೇಕಾದ ಕೀವರ್ಡ್ ಅನ್ನು ಜಾಹೀರಾತುದಾರರು ಒಂದೊಂದಾಗಿ ಆರಿಸಲು ಬರುವುದಿಲ್ಲ. ಬ್ರಾಡ್ ಮ್ಯಾಚ್ ಅಥವಾ ಗೂಗಲ್ ತಾನೇ ನಡೆಸುವ ಸ್ವಯಂಚಾಲಿತ ಪ್ರಚಾರಕ್ಕೆ ಬಜೆಟ್ ಒಪ್ಪಿಸಬೇಕು. ದೊಡ್ಡ ಬುಕಿಂಗ್ ಕಂಪನಿಗಳ ಬಳಿ ಆ ಖರ್ಚನ್ನು ಅಳೆದು ತೂಗುವ ತಂಡಗಳಿವೆ. ತೋಟದ ಕೆಲಸದ ನಡುವೆ ಮೊಬೈಲ್ ನೋಡುವ ಹೋಮ್‌ಸ್ಟೇ ಮಾಲೀಕರಿಗೆ ತಿಂಗಳ ಕೊನೆಯಲ್ಲಿ ಸಿಗುವುದು ಎಷ್ಟು ಖರ್ಚಾಯಿತು ಎಂಬ ಮೊತ್ತ. ಯಾವ ಪ್ರಶ್ನೆಗೆ, ಯಾವ ಉತ್ತರದ ಪಕ್ಕ ತಮ್ಮ ಹೆಸರು ಬಂತು ಎಂಬುದರ ಪೂರ್ತಿ ಪಟ್ಟಿ ಸಿಗದಿದ್ದರೆ, ಮೇಲೆ ಮಾಡಿದಂಥ ಲೆಕ್ಕ ಹಾಕುವುದಕ್ಕೂ ಅವರ ಬಳಿ ಅಂಕಿ ಇರುವುದಿಲ್ಲ.